ಐದು ಕುದುರೆ ಇರಲಿ, ಆ ಜೀನು ನೋಡಿದ್ರಾ ಮೇಷ್ಟ್ರೇ?

ನಮಸ್ಕಾರ ಮೇಷ್ಟ್ರೇ. ನಿಮ್ಮ ಪತ್ರ ಪೂರ್ತಿ ಅಚ್ಚು ಹಾಕೋಣ ಅಂದರೆ ಈ ಸಂಚಿಕೆಯಲ್ಲಿ ಬೇರೇನೂ ಹಿಡಿಸುವುದಿಲ್ಲ. ಹಾಗಾಗಿ ಉಳಿದ ಓದುಗರಿಗೆ ಸಾರ ಮಾತ್ರ ಹೇಳಿಬಿಡುತ್ತೇನೆ.

ಹಾಸನದ ಈ ಮೇಷ್ಟ್ರಿಗೆ ಎಪ್ಪತ್ತಾರು ವರ್ಷ. ಮಗ ಹಂಗೆರಿಯ ಬುಡಾಪೆಸ್ಟ್‌ನಲ್ಲಿದ್ದಾರೆ. ಅಪ್ಪ ಬಂದಿದ್ದಾರಲ್ಲ ಅಂತ ಮಗ ಅವರನ್ನು ಒಂದು ದಿನದ ಬಸ್ ಟ್ರಿಪ್ ಹತ್ತಿಸಿದರು, ಊರಾಚೆಯ ಸಾಂಪ್ರದಾಯಿಕ ಕುದುರೆ ಫಾರ್ಮಿಗೆ. ಇಳಿದ ತಕ್ಷಣ ಕೈಗೆ ಪುಟ್ಟ ಗ್ಲಾಸಿನಲ್ಲಿ ಪಾಲಿಂಕಾ ಅನ್ನುವ ಹಣ್ಣಿನ ಬ್ರಾಂಡಿ, ಜೊತೆಗೆ ಪೊಗಾಚಾ ಅನ್ನುವ ಉಪ್ಪು ಬನ್ನು. ಆಮೇಲೆ ನೀಲಿ ಬಟ್ಟೆಯ ಸವಾರರು ಬಂದು ಚಾಟಿ ಸಿಡಿಸಿದರು. ಕುದುರೆಯನ್ನು ನಾಯಿ ಕೂತ ಹಾಗೆ ಕೂರಿಸಿದರು. ಕೊನೆಗೆ ಒಬ್ಬ ಎರಡು ಕುದುರೆಗಳ ಬೆನ್ನ ಮೇಲೆ ಒಂದೊಂದು ಕಾಲಿಟ್ಟು ನಿಂತು, ಮುಂದೆ ಇನ್ನೂ ಮೂರನ್ನು ಕಟ್ಟಿ, ಐದನ್ನೂ ಒಟ್ಟಿಗೆ ಓಡಿಸಿದ. ಊಟ, ಪಿಟೀಲು, ಸಾಮಾನಿನ ಅಂಗಡಿ, ವಾಪಸ್ ಬಸ್ಸು. ಗೈಡ್ ಇದೆಲ್ಲ ಸಾವಿರ ವರ್ಷದ ಸಂಪ್ರದಾಯ ಅಂದಳಂತೆ. ಮೇಷ್ಟ್ರು ಕೇಳುವುದು ಇಷ್ಟು: ಇದು ಸಂಸ್ಕೃತಿಯಾ, ಸರ್ಕಸ್ಸಾ? ಕುದುರೆಗೆ ಹಿಂಸೆ ಅಲ್ವಾ? ಸಸ್ಯಾಹಾರಿ ಅಲ್ಲಿ ಏನು ತಿನ್ನಬೇಕು? ನಮ್ಮ ಕುಣಿಗಲ್‌ ಕುದುರೆ ಫಾರ್ಮಿನಲ್ಲಿ ಇಂಥದ್ದು ಯಾಕಿಲ್ಲ? ಮುಂದಿನ ವರ್ಷ ಹೆಂಡತಿಯನ್ನೂ ಕರೆದುಕೊಂಡು ಹೋದರೆ ಮತ್ತೆ ಅಲ್ಲಿಗೇ ಹೋಗಬೇಕಾ?

ಮೊದಲು ಆ ಸಾವಿರ ವರ್ಷದ ಲೆಕ್ಕ. ಹಂಗೆರಿಯವರ ಪೂರ್ವಿಕರಾದ ಮಜ್ಯಾರರು 895ರ ಸುಮಾರಿಗೆ ಪೂರ್ವದ ಹುಲ್ಲುಗಾವಲುಗಳಿಂದ ಕುದುರೆ ಏರಿಯೇ ಆ ನೆಲಕ್ಕೆ ಬಂದರು. ಕುದುರೆಯ ನಂಟು ಹಳೆಯದು, ಅದರಲ್ಲಿ ಅನುಮಾನ ಬೇಡ. ಆದರೆ ಆ ಐದು ಕುದುರೆಯ ಆಟ? ಅದನ್ನು ಮೊದಲು ಕಲ್ಪಿಸಿಕೊಂಡದ್ದು ಲುಡ್ವಿಗ್ ಕೋಖ್ ಅನ್ನುವ ಆಸ್ಟ್ರಿಯಾದ ಚಿತ್ರಕಾರ, ಒಂದು ಪೇಂಟಿಂಗ್‌ನಲ್ಲಿ. ಅದನ್ನು ನೋಡಿ, ಮಾಡಿಯೇ ತೋರಿಸುತ್ತೇನೆ ಅಂತ ಹೊರಟು 1953ರಲ್ಲಿ ನಿಜವಾಗಿ ಮಾಡಿದ್ದು ಬೇಲಾ ಲೇನಾರ್ಡ್ ಅನ್ನುವ ಸವಾರ. ಅಂದರೆ ಮೇಷ್ಟ್ರೇ, ಆ ಸಾವಿರ ವರ್ಷದ ಸಂಪ್ರದಾಯ ವಯಸ್ಸಿನಲ್ಲಿ ನಿಮಗಿಂತ ಚಿಕ್ಕದು.

ಹಾಗಂತ ಸರ್ಕಸ್ ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಓಡುವ ಎರಡು ಕುದುರೆಗಳ ಮೇಲೆ ನಿಂತು ಐದು ಜೊತೆ ಲಗಾಮು ಹಿಡಿಯುವುದು ಸುಮ್ನೆ ಬರುವ ವಿದ್ಯೆ ಅಲ್ಲ. ಅದನ್ನು ಹಳೆಯದು ಅಂತ ಮಾರುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲಿ. ಯಾಕೆಂದರೆ ನಿಜವಾಗಿ ಹಳೆಯದಾದದ್ದು ಅದೇ ಅಂಗಳದಲ್ಲಿ, ನಿಮ್ಮ ಕಣ್ಣೆದುರೇ ಇತ್ತು, ಯಾರೂ ಬೊಟ್ಟು ಮಾಡಿ ತೋರಿಸಲಿಲ್ಲ.

ಆ ಸವಾರರ ಜೀನನ್ನು ಗಮನಿಸಿದ್ರಾ? ಕುದುರೆಯ ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿಯೇ ಅದಕ್ಕೆ ಇರುವುದಿಲ್ಲ. ಬೆನ್ನ ಮೇಲೆ ಒಂದು ಹೊದಿಕೆ, ಎರಡು ಕಡೆ ಜೋತಾಡುವ ರಿಕಾಪು, ಅಷ್ಟೇ. ಒಂದು ಕಾಲಿನ ಮೇಲೆ ಸ್ವಲ್ಪ ಭಾರ ಜಾಸ್ತಿ ಬಿತ್ತೋ, ಜೀನಿನ ಜೊತೆ ಸವಾರನೂ ಕೆಳಗೆ. ಪ್ರವಾಸಿಗಳಿಗೆ ತೋರಿಸಲು ಯಾರೂ ಇಂಥದ್ದನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಯಾಕೆಂದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಬಯಲಿನಲ್ಲಿ ರಾತ್ರಿ ಮಲಗಿದ ಕುದುರೆಗಾಹಿ, ಅವರ ಮಾತಿನಲ್ಲಿ ಚಿಕೋಶ್, ಮಂದೆ ಬೆದರಿ ಓಡಿದರೆ ಪಟ್ಟಿ ಬಿಗಿಯುತ್ತಾ ಕೂರಲು ಆಗುತ್ತದಾ? ಎಸೆದ, ಹಾರಿ ಕೂತ, ಹೊರಟ. ಕೆಲಸಕ್ಕಾಗಿ ಹುಟ್ಟಿದ ಜೀನು ಅದು.

ಚಾಟಿಯದೂ ಹೀಗೇ. ಆ ಸಿಡಿತ ಕುದುರೆಗೆ ಹೊಡೆದದ್ದಲ್ಲ, ಚಾಟಿಯ ತುದಿ ಶಬ್ದಕ್ಕಿಂತ ವೇಗವಾಗಿ ಹೋದಾಗ ಗಾಳಿಯಲ್ಲಿ ಆಗುವ ಸದ್ದು. ಮಂದೆಯನ್ನು ದೂರದಿಂದಲೇ ತಿರುಗಿಸಲು ಅದು ಬೇಕಿತ್ತು. ಪಕ್ಕದಲ್ಲೇ ಸಿಡಿದರೂ ಕದಲಬಾರದು ಅಂತ ಸವಾರಿಯ ಕುದುರೆಗೆ ಅಭ್ಯಾಸ ಮಾಡಿಸುತ್ತಾರೆ.

ಇನ್ನು ಕುದುರೆಯನ್ನು ಮಲಗಿಸುವುದು, ಕೂರಿಸುವುದು. ಪುಸ್ತಾ ಅನ್ನುವ ಆ ಬಯಲಿನಲ್ಲಿ ಮರ ಇಲ್ಲ, ಗುಡ್ಡ ಇಲ್ಲ. ನಿಂತ ಕುದುರೆ ಮೈಲಿಗಟ್ಟಲೆ ದೂರಕ್ಕೆ ಕಾಣುತ್ತದೆ. ಪೊಲೀಸರಿಂದ ತಪ್ಪಿಸಿಕೊಳ್ಳುವ ಡಕಾಯಿತರು ಕುದುರೆಯನ್ನು ಹುಲ್ಲಿನಲ್ಲಿ ಮಲಗಿಸುತ್ತಿದ್ದರು ಅನ್ನುವುದು ಅಲ್ಲಿಯವರು ಕೊಡುವ ಕಾರಣ. ಆ ಡಕಾಯಿತರು ಅಲ್ಲಿ ಬರೀ ಕಳ್ಳರಲ್ಲ, ಲಾವಣಿ ಕಟ್ಟಿಸಿಕೊಂಡವರು. ರೋಜಾ ಶಾಂಡೊರ್ ಅನ್ನುವವನಂತೂ ಆಸ್ಟ್ರಿಯಾದ ಆಳ್ವಿಕೆಯ ವಿರುದ್ಧ ಎದ್ದ 1848ರ ದಂಗೆಯಲ್ಲಿ ತನ್ನ ಕುದುರೆ ದಂಡು ಕಟ್ಟಿಕೊಂಡು ದೇಶದ ಪರ ಹೋರಾಡಿದ, ಆಮೇಲೆ 1878ರಲ್ಲಿ ಜೈಲಿನಲ್ಲಿ ಸತ್ತ.

ಹಿಂಸೆಯ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಮಲಗುವುದು ಕುದುರೆಗೆ ಸಹಜ. ನಾಯಿ ಹಾಗೆ ಕೂತೇ ಇರುವುದು ಸಹಜ ಅಲ್ಲ, ಮಲಗಿದ್ದು ಏಳುವಾಗ ಒಂದು ಕ್ಷಣ ಹಾದುಹೋಗುವ ಭಂಗಿ ಅದು. ಅದನ್ನೇ ಹಿಡಿದು ನಿಲ್ಲಿಸಿ, ಫೋಟೋ ತೆಗೆಯುವವರು ಮುಗಿಸುವ ತನಕ ಕೂರಿಸುವುದು ನನಗೆ ಇಷ್ಟವಾಗುವುದಿಲ್ಲ. ಆದರೆ ಒಂದು ಜಾಗ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ಆಟ ನೋಡಿ ಪ್ರಯೋಜನ ಇಲ್ಲ ಮೇಷ್ಟ್ರೇ, ಆಟ ಮುಗಿದ ಮೇಲೆ ಲಾಯದ ಕಡೆ ಹೋಗಿ, ಕುದುರೆ ಕಿವಿ ಹಿಂದಕ್ಕೆ ಒತ್ತಿಕೊಂಡು ನಿಂತಿದೆಯಾ, ಬಾಯಿಯ ಮೂಲೆಯಲ್ಲಿ, ಬೆನ್ನ ಮೇಲೆ ಗಾಯ ಇದೆಯಾ, ಗೊರಸು ಸೀಳಿದೆಯಾ, ಪಕ್ಕೆಲುಬು ಎಣಿಸಬಹುದಾ ಅಂತ ನೋಡಬೇಕು. ಅದಕ್ಕಿಂತ ಮುಖ್ಯವಾದದ್ದು, ಉಳಿದ ಹೊತ್ತು ಅವು ಎಲ್ಲಿರುತ್ತವೆ ಅಂತ ಕೇಳಿ. ಬೇರೆ ಕುದುರೆಗಳ ಜೊತೆ ಹುಲ್ಲಿನಲ್ಲಿ ಅಂದರೆ ಒಳ್ಳೆಯದು. ದಿನವಿಡೀ ಗೂಡಿನೊಳಗೆ ಅಂದರೆ ಮತ್ತೆ ಅಲ್ಲಿಗೆ ದುಡ್ಡು ಕೊಡಬೇಡಿ.

ನಿಮ್ಮ ಗೈಡ್ ಹೇಳದ ಇನ್ನೊಂದು ಸಂಗತಿಯೂ ಇದೆ. 1950ರಿಂದ 1953ರ ತನಕ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಸಾವಿರಾರು ಜನರನ್ನು, ಹೆಚ್ಚಿನವರು ಗಡಿ ಭಾಗದ ರೈತ ಕುಟುಂಬಗಳು, ರಾತ್ರೋರಾತ್ರಿ ಮನೆಯಿಂದ ಎಬ್ಬಿಸಿ, ಪುಸ್ತಾದ ಭಾಗವೇ ಆದ ಹೊರ್ತೊಬಾಜ್ ಬಯಲಿನ ಕ್ಯಾಂಪುಗಳಿಗೆ ಸಾಗಿಸಿತು. ಕುರಿದೊಡ್ಡಿಗಳಲ್ಲಿ ಇಟ್ಟು ಹೊಲದಲ್ಲಿ ದುಡಿಸಿತು. ಸ್ಟಾಲಿನ್ ಸತ್ತ ಮೇಲೆ, 1953ರಲ್ಲಿ, ಬಿಡುಗಡೆ. ಐದು ಕುದುರೆಯ ಆಟ ಹುಟ್ಟಿದ್ದೂ ಅದೇ ವರ್ಷ. ಪೋಸ್ಟ್‌ಕಾರ್ಡಿನಲ್ಲಿ ಆ ಬಯಲು ಸ್ವಾತಂತ್ರ್ಯದ ಗುರುತು. ಅಲ್ಲಿ ದುಡಿದು ಬಂದವರಿಗೆ ಅದು ಬೇರೆಯೇ ಆಗಿತ್ತು.

ಊಟದ ವಿಚಾರ. ನೀವು ಪೊಗಾಚಾ ಎರಡು ತಿಂದೆ, ಸೊಗಸಾಗಿತ್ತು ಅಂತ ಬರೆದಿದ್ದೀರಿ. ಹೇಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಚೀಸ್ ಹಾಕಿದ್ದೂ ಇರುತ್ತದೆ, ಹುರಿದ ಹಂದಿ ಕೊಬ್ಬಿನ ಚೂರು ಹಾಕಿದ್ದೂ ಇರುತ್ತದೆ. ನೀವು ತಿಂದದ್ದು ಚೀಸಿನದು ಅಂತಲೇ ಇಟ್ಟುಕೊಳ್ಳೋಣ. ಮುಂದಿನ ಸಲ ಕೇಳಿ ತಿನ್ನಿ. ಗುಲಾಶ್ ದನಗಾಹಿಗಳು ಬಯಲಿನಲ್ಲಿ ಕೊಳದಪ್ಪಲೆ ತೂಗುಹಾಕಿ ಬೇಯಿಸುತ್ತಿದ್ದ ಮಾಂಸದ ಸಾರು, ಅದು ಸ್ಪಷ್ಟ. ಮೋಸ ಹೋಗುವುದು ಹೊರ್ತೊಬಾಜ್ ಪಲಾಚಿಂತಾದಲ್ಲಿ. ನೋಡಲು ಮಡಿಸಿದ ದೋಸೆ, ಒಳಗೆ ಮಾಂಸ. ನಿಮಗೆ ಸರಿಹೋಗುವುದು ಲಾಂಗೊಶ್. ಎಣ್ಣೆಯಲ್ಲಿ ಕರಿದ ಹಿಟ್ಟಿನ ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. ಕರಿದದ್ದು ಹಂದಿ ಕೊಬ್ಬಿನಲ್ಲಾ ಅಂತ ಅದನ್ನೂ ಒಂದು ಮಾತು ಕೇಳಿಬಿಡಿ. ಅಂದಹಾಗೆ ಅವರ ಆ ಕೆಂಪು ಪಪ್ರಿಕಾ ಕೂಡ ನಮ್ಮ ಬ್ಯಾಡಗಿ ಮೆಣಸಿನ ಹಾಗೆ ಕೊಲಂಬಸ್ ಆದಮೇಲೆ ಅಮೆರಿಕದಿಂದ ಬಂದದ್ದೇ. ಬಣ್ಣ ಜಾಸ್ತಿ, ಖಾರ ಕಮ್ಮಿ. ಸಾವಿರ ವರ್ಷದ ಅಡುಗೆ ಅಂತ ಅದನ್ನೂ ಹೇಳಿದ್ದರೆ ನಂಬಬೇಡಿ.

ಕುಣಿಗಲ್ ಬಗ್ಗೆ ನಿಮ್ಮ ಬೇಸರ ಅರ್ಥವಾಗುತ್ತದೆ. ಟಿಪ್ಪು ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಬೆಳೆಸಿದ ಜಾಗ, ಈಗಲೂ ನಾನೂರು ಎಕರೆಗೂ ಮೇಲೆ. ಆದರೆ ಅದು ಮೊದಲು ದಂಡಿನದು, ಆಮೇಲೆ ರೇಸಿನದು. ರೇಸಿನ ತಳಿ ಬೆಳೆಸುವ ಕಡೆ ಬಸ್ಸುಗಟ್ಟಲೆ ಜನ ಬಿಟ್ಟು ಚಾಟಿ ಸಿಡಿಸಲು ಆಗುವುದಿಲ್ಲ. ಕುದುರೆ ಮೇಯಿಸಿ ಬದುಕುವ ಊರುಗಳು ನಮ್ಮಲ್ಲಿ ಅಷ್ಟಾಗಿ ಇರಲಿಲ್ಲ. ನಮ್ಮ ಬಯಲಿನ ಕಥೆ ದನದ್ದು. ಅಜ್ಜಂಪುರ, ಬೀರೂರು ಕಡೆಯ, ಅಮೃತಮಹಲ್ ತಳಿಯ ದನ ಮೇಯುವ ಕಾವಲುಗಳು ಹಾಸನದವರಾದ ನಿಮಗೆ ಹೊಸದೇನಲ್ಲ. ಹೋಲಿಕೆ ಬೇಕೇ ಬೇಕು ಅಂದರೆ ಅಲ್ಲಿ ನೋಡಿ. ಹಂಗೆರಿಯವರ ಉದ್ದ ಕೊಂಬಿನ ಬೂದು ದನಗಳನ್ನೂ ಒಂದು ಕಾಲದಲ್ಲಿ ಸಾವಿರಗಟ್ಟಲೆ ನಡೆಸಿಕೊಂಡೇ ವಿಯೆನ್ನಾ, ನ್ಯೂರೆಂಬರ್ಗ್ ಸಂತೆಗಳಿಗೆ ಹೊಡೆಯುತ್ತಿದ್ದರು. ಟ್ರಾಕ್ಟರು ಬಂದ ಮೇಲೆ ಆ ತಳಿ ಇನ್ನೇನು ಮುಗಿದೇಹೋಯಿತು ಅನ್ನುವಷ್ಟು ಇಳಿದು, ಆಮೇಲೆ ಹುಷಾರಾಗಿ ಉಳಿಸಿಕೊಂಡರು.

ಹೆಂಡತಿಯವರ ಜೊತೆ ಹೋಗುವಾಗ ಆ ಬಸ್ ಟ್ರಿಪ್ ಬೇಡ. ಹೊರ್ತೊಬಾಜ್‌ಗೇ ಹೋಗಿ. ಬುಡಾಪೆಸ್ಟ್‌ನಿಂದ ರೈಲು ಹತ್ತಿ ಫ್ಯೂಜೆಶಬೊನ್‌ನಲ್ಲಿ ಬದಲಿಸಿದರೆ ಆ ಲೈನು ಹೊರ್ತೊಬಾಜ್ ಊರಿನ ಮೇಲೇ ಡೆಬ್ರೆಟ್ಸೆನ್‌ಗೆ ಹೋಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಸಂಜೆಗೆ ವಾಪಸ್ ಬರಬಹುದು, ಆದರೆ ಡೆಬ್ರೆಟ್ಸೆನ್‌ನಲ್ಲಿ ರಾತ್ರಿ ಉಳಿದರೆ ನಿಮ್ಮ ಮಂಡಿಗೆ ಒಳ್ಳೆಯದು. 1973ರಲ್ಲಿ ಹೊರ್ತೊಬಾಜ್ ಹಂಗೆರಿಯ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು, 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಅದೂ ಬರೀ ಹುಲ್ಲಿಗಲ್ಲ, ದನ ಕುರಿ ಮೇಯಿಸುವವರ ಬದುಕಿಗಾಗಿ. ಹತ್ತಿರದ ಮಾಟಾದಲ್ಲಿ ನೋನಿಯಸ್ ತಳಿಯ ಕುದುರೆಗಳಿವೆ. ಆ ತಳಿಯ ಮೂಲಪುರುಷ ನೆಪೋಲಿಯನ್ ಯುದ್ಧದ ಕೊನೆಯಲ್ಲಿ ಫ್ರಾನ್ಸಿನಿಂದ ಹಿಡಿದು ತಂದ ಗಂಡು ಕುದುರೆ. ಅಲ್ಲಿಯೂ ಆಟ ಇದೆ, ಐದು ಕುದುರೆಯೂ ಇದೆ, ಆದರೆ ಗಾಡಿಯಲ್ಲಿ ಕೂರಿಸಿಕೊಂಡು ಬಯಲಿನೊಳಗೆ ಕರೆದೊಯ್ಯುತ್ತಾರೆ. ತಿರುಪಿನ ಹಾಗೆ ಸುತ್ತಿದ ನೆಟ್ಟಗಿನ ಕೊಂಬಿನ ರಾಟ್ಸ್ಕಾ ಕುರಿ ನೋಡಬಹುದು. ಬಾವಿಯಿಂದ ನೀರೆತ್ತುವುದು ಏತದಲ್ಲಿ, ನಮ್ಮ ಏತವೇ. ಊರಿನಲ್ಲಿ 1833ರಲ್ಲಿ ಮುಗಿದ ಒಂಬತ್ತು ಕಮಾನಿನ ಕಲ್ಲಿನ ಸೇತುವೆ ಇದೆ. ಆಗಸ್ಟ್ 20ರ ಸುಮಾರಿಗೆ ಅಲ್ಲಿ ಜಾತ್ರೆ. ಅಕ್ಟೋಬರ್‌ನಲ್ಲಿ ಹೋದರೆ ಲಕ್ಷಕ್ಕೂ ಮೇಲೆ ಕ್ರೌಂಚ ಪಕ್ಷಿಗಳು ಇಳಿಯುತ್ತವೆ, ನಾನಾದರೆ ಅಕ್ಟೋಬರೇ ಅನ್ನುತ್ತೇನೆ. ಬೇಸಿಗೆಗೆ ಹೋಗುವುದಾದರೆ ಇಬ್ಬರಿಗೂ ಟೋಪಿ ಬೇಕೇ ಬೇಕು, ನೆರಳು ಸಿಗುವುದಿಲ್ಲ.

ಫೋಟೋ ಕಳಿಸಲಾ ಅಂತ ಕೇಳಿದ್ದೀರಿ. ಖಂಡಿತ ಕಳಿಸಿ ಮೇಷ್ಟ್ರೇ. ಐದು ಕುದುರೆಯದು ಬೇಡ, ಅದು ಎಲ್ಲರ ಹತ್ತಿರವೂ ಇದೆ. ಆ ಜೀನು ಎಲ್ಲಾದರೂ ಸರಿಯಾಗಿ ಕಾಣುವ ಫೋಟೋ ಇದ್ದರೆ ಅದನ್ನು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ.

ಸಂ.