ಇಬ್ಬರೂ ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಬೀದಿನಾಯಿಗಳಿಗೆ ಸಹಾಯ ಮಾಡಲು ಸಾಧ್ಯವೇ? ಎಲ್ಲಿಂದ ಶುರು ಮಾಡಬೇಕು?

ಖಂಡಿತ ಸಾಧ್ಯ. ನಾನು ಬ್ಯಾಂಕಿನಲ್ಲಿದ್ದೇನೆ, ನನ್ನ ಗಂಡ ಹೈಸ್ಕೂಲು ಮೇಷ್ಟ್ರು. ಮೈಸೂರಿನಲ್ಲಿ ಎರಡು ರೂಮಿನ ಬಾಡಿಗೆ ಮನೆ. ಎಂಟು ವರ್ಷದಿಂದ ಅಕ್ಕಪಕ್ಕದ ನಾಲ್ಕು ಬೀದಿಯ ನಾಯಿಗಳನ್ನು ನೋಡಿಕೊಳ್ಳುತ್ತಿದ್ದೇವೆ. "ಮನೆಯಲ್ಲಿ ಜಾಗ ಇಲ್ಲ, ಎಷ್ಟು ಅಂತ ತರುವುದು?" ಎಂದೂ ಕೇಳಿದ್ದೀರಿ. ನಾಯಿಯನ್ನು ಕಾಪಾಡುವುದು ಅಂದರೆ ಮನೆಗೆ ತರುವುದು ಅಂತಲೇ ಮೊದಲು ನಾವೂ ಅಂದುಕೊಂಡಿದ್ದೆವು. ಹಾಗಲ್ಲ ಎಂದು ಕಲಿಸಿದವಳು ಗೌರಿ.

ಗೌರಿ ಹಬ್ಬದ ದಿನ ಸಿಕ್ಕಿದ್ದಕ್ಕೆ ಆ ಹೆಸರು. ಯಾವುದೋ ಕಾರು ಗುದ್ದಿ ಹೋಗಿತ್ತು. ಟೀ ಅಂಗಡಿ ಪಕ್ಕದ ಚರಂಡಿ ಹತ್ತಿರ ಮುಂಗಾಲಿನಲ್ಲೇ ಮೈ ಎಳೆದುಕೊಂಡು ಹೋಗುತ್ತಿದ್ದಳು. ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚುತ್ತದೆ. ಇವರು ದಪ್ಪ ಕಂಬಳಿ ಹೊದಿಸಿ ಹಿಡಿದುಕೊಂಡರು, ನಾನು ದುಪಟ್ಟಾದಲ್ಲಿ ಮೂತಿ ಕಟ್ಟಿದೆ. ಮೂರು ಆಟೋದವರು ಹತ್ತಿಸಿಕೊಳ್ಳಲಿಲ್ಲ. ನಾಲ್ಕನೆಯವರು ತಾವೇ ಇಳಿದು ಬಂದು ಗೋಣಿಚೀಲ ಹಾಸಿಕೊಟ್ಟರು.

ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಮುರಿದಿರುವುದು ಕಾಣಿಸಿತು. "ಆಪರೇಷನ್ ಬೇಡ, ಸುತ್ತಲೂ ದಪ್ಪ ಮಾಂಸ ಇದೆ, ಕೂಡಿಕೊಳ್ಳುತ್ತದೆ. ಆರು ವಾರ ಓಡಾಡದ ಹಾಗೆ ಚಿಕ್ಕ ಜಾಗದಲ್ಲಿ ಇಡಿ" ಎಂದರು ಡಾಕ್ಟರು. ಮಂಚದ ಪಕ್ಕ ಹಲಗೆ ಅಡ್ಡ ಇಟ್ಟು ಗೂಡು ಮಾಡಿದೆವು. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮೈ ಹುಣ್ಣಾಗುತ್ತದೆ. ಮೊದಲ ವಾರ ಉಚ್ಚೆಯನ್ನೂ ನಾವೇ ಕಿಬ್ಬೊಟ್ಟೆ ಒತ್ತಿ ತೆಗೆಸಬೇಕಿತ್ತು. ಎಲ್ಲಿ, ಎಷ್ಟು ಒತ್ತಬೇಕೆಂದು ಡಾಕ್ಟರು ನನ್ನ ಕೈ ಹಿಡಿದು ತೋರಿಸಿದರು. ರಾತ್ರಿ ಹನ್ನೊಂದರ ಸರದಿ ನನ್ನದು, ಬೆಳಗಿನ ಜಾವ ಮೂರು ಇವರದು, ಏಳಕ್ಕೆ ಮತ್ತೆ ನಾನು. ಹಗಲು ಹೊತ್ತು ಮಹಡಿ ಮನೆ ಅಜ್ಜಿ ಬಂದು ನೋಡಿಕೊಂಡರು. ಅವರಿಲ್ಲದಿದ್ದರೆ ಆಗುತ್ತಿರಲಿಲ್ಲ. ನಿಮಗೂ ಅಂಥ ಒಬ್ಬರು ಬೇಕು, ಈಗಲೇ ಮಾತಾಡಿಟ್ಟುಕೊಳ್ಳಿ.

ಗೌರಿ ನಮ್ಮ ಮುಖ ನೋಡುತ್ತಿರಲಿಲ್ಲ. ನಾವು ರೂಮಿನಿಂದ ಆಚೆ ಹೋದರೆ ಮಾತ್ರ ತಿನ್ನುತ್ತಿದ್ದಳು. ಹತ್ತೊಂಬತ್ತನೇ ದಿನ ಇವರು ಶಾಲೆಯಿಂದ ಬಂದು ಚಪ್ಪಲಿ ಬಿಟ್ಟ ಸದ್ದಿಗೆ ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ನಾವಿಬ್ಬರೂ ಅಲ್ಲಾಡದೆ ನಿಂತುಬಿಟ್ಟೆವು.

ಮೂರನೇ ತಿಂಗಳು ಸಂತಾನಹರಣ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಅದೇ ಟೀ ಅಂಗಡಿ ಹತ್ತಿರ ಬಿಟ್ಟೆವು. ನಾನು ತುಂಬಾ ಅತ್ತೆ. ಅವಳು ಕಂಬ ಮೂಸಿದಳು, ಚರಂಡಿ ಮೂಸಿದಳು, ತನ್ನ ಜೊತೆಯವರನ್ನು ಕಂಡು ಓಡಿದಳು. ಕುಂಟುತ್ತಿದ್ದಳು, ಆದರೂ ಓಡಿದಳು. ಅವಳ ಮನೆ ಅದೇ ಅಲ್ವಾ? ಬೇರೆ ಬೀದಿಗೆ ಬಿಟ್ಟಿದ್ದರೆ ಅಲ್ಲಿನ ನಾಯಿಗಳು ಸೇರಿಸುತ್ತಿರಲಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಆಪರೇಷನ್ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು ಎನ್ನುತ್ತವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಹಿಡಿದವನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದು ಗೊತ್ತಿರಲಿ.

ಈಗ ನಮ್ಮ ತಪ್ಪೊಂದನ್ನು ಹೇಳುತ್ತೇನೆ. ಎರಡನೇ ವರ್ಷ ಪಾರ್ವೋ ಎಂಬ ಅಂಟುರೋಗ ಬಂದ ಮರಿಯೊಂದನ್ನು ತಂದಿದ್ದೆವು. ರಕ್ತಭೇದಿ, ವಾಂತಿ. ಮೂರು ದಿನ ಡ್ರಿಪ್ ಹಾಕಿಸಿದರೂ ಉಳಿಯಲಿಲ್ಲ. ಫಿನಾಯಿಲ್ ಹಾಕಿ ಮನೆಯೆಲ್ಲಾ ತೊಳೆದೆವು. ತಿಂಗಳಾದ ಮೇಲೆ ಇನ್ನೆರಡು ಮರಿ ತಂದೆವು. ಎರಡೂ ಅದೇ ರೋಗದಲ್ಲಿ ಹೋದವು. ಪಾರ್ವೋ ವೈರಸ್ ಫಿನಾಯಿಲಿಗೆ ಸಾಯುವುದಿಲ್ಲ, ಬ್ಲೀಚ್ ಬೇಕು ಎಂದು ಆಮೇಲೆ ತಿಳಿಯಿತು. ಮಣ್ಣಿನಲ್ಲಂತೂ ತಿಂಗಳುಗಟ್ಟಲೆ ಇರುತ್ತದೆ. ಅವೆರಡು ಮರಿಗಳು ಬೀದಿಯಲ್ಲೇ ಇದ್ದಿದ್ದರೆ ಬದುಕುತ್ತಿದ್ದವೇನೋ ಎಂದು ಈಗಲೂ ಅನಿಸುತ್ತದೆ. ಅವತ್ತಿನಿಂದ ಮನೆಯೊಳಗೆ ಒಂದು ಸಲಕ್ಕೆ ಒಂದೇ ನಾಯಿ. ಎಂಥ ಮುದ್ದು ಮರಿ ಕಂಡರೂ ಈ ಮಾತು ಮೀರಿಲ್ಲ.

ಫಿನಾಯಿಲ್ ಅಂದ ಮೇಲೆ ಇನ್ನೊಂದು ಮಾತು. ಹುಳ ಬಿದ್ದ ಗಾಯಕ್ಕೆ ಅದನ್ನೋ ಸೀಮೆಎಣ್ಣೆಯನ್ನೋ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ನಾಯಿ ನೆಕ್ಕಿ ವಿಷವಾಗುತ್ತದೆ. ಇದಕ್ಕೆಂದೇ ಸ್ಪ್ರೇ ಇದೆ, ಜಾನುವಾರು ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

ನಾಯಿ ಮುಟ್ಟುವ ಮೊದಲು ನೀವಿಬ್ಬರೂ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸ್: ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ. ಆಮೇಲೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಇವರಿಗೆ ಎರಡು ಸಲ ಹೀಗೆ ಆಗಿದೆ.

ಊಟಕ್ಕೆ ಜಾಸ್ತಿ ಖರ್ಚಿಲ್ಲ. ಅನ್ನ, ಕೋಳಿ ಅಂಗಡಿಯವರು ಕಡಿಮೆಗೆ ಕೊಡುವ ಲಿವರ್, ಚಿಟಿಕೆ ಅರಿಶಿನ. ಉಪ್ಪು, ಈರುಳ್ಳಿ, ಬೇಯಿಸಿದ ಮೂಳೆ ಹಾಕುವುದಿಲ್ಲ. ಔಷಧಿ ಸೇರಿ ತಿಂಗಳಿಗೆ ಸುಮಾರು 5,000 ರೂಪಾಯಿ ತೆಗೆದಿಡುತ್ತೇವೆ. ಬೀದಿಯವರ ಜೊತೆ ಜಗಳ ಬಂದೇ ಬರುತ್ತದೆ. ಅವರ ಭಯ ಸುಳ್ಳಲ್ಲ, ಮಕ್ಕಳಿರುವ ಮನೆಗಳು. ಅದಕ್ಕೇ ಮಕ್ಕಳು ಆಡುವ ಜಾಗ ಬಿಟ್ಟು, ರಾತ್ರಿ ಹತ್ತರ ಮೇಲೆ ಖಾಲಿ ಸೈಟಿನ ಮೂಲೆಯಲ್ಲಿ ಹಾಕುತ್ತೇವೆ. ತಿಂದಾದ ಮೇಲೆ ಜಾಗ ಗುಡಿಸಿಯೇ ಬರುವುದು.

ಎಲ್ಲಿಂದ ಶುರು ಮಾಡಬೇಕು ಅಂದಿರಲ್ಲ. ನಾಳೆ ಬೆಳಗ್ಗೆ ಇಬ್ಬರೂ ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹೋಗಿ ನಾಯಿಗಳ ಕಿವಿ ನೋಡಿ. ತುದಿ ಸ್ವಲ್ಪ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಎಂದರ್ಥ. ಹೆಣ್ಣು ನಾಯಿಯ ಬಸಿರು ಸುಮಾರು 63 ದಿನ ಅಷ್ಟೇ, ಅದಕ್ಕೇ ಆಪರೇಷನ್ ತಡ ಮಾಡಬಾರದು. ಕಿವಿಯಲ್ಲಿ ಗುರುತಿಲ್ಲದ ಹೆಣ್ಣು ನಾಯಿ ಯಾವುದಿದೆ ನೋಡಿ, ಅದಕ್ಕೆ ಮೊದಲು ಒಂದು ಹೆಸರಿಡಿ.