ಪರ್ಫಾರ್ಮೆನ್ಸ್ ಕಾರಿಗೆ ಹಿಂದಿನ ಸಸ್ಪೆನ್ಷನ್ ಲಿಂಕ್: ಯಾವುದು ಹಾಕಿಸಬೇಕು?

ಕಾರು ತಗ್ಗಿಸಿದ ಮೇಲೆ ಹಿಂದಿನ ಟೈರುಗಳ ಒಳಅಂಚು ಸವೆಯುತ್ತಿದೆ, ಯಾವ ಲಿಂಕ್ ಹಾಕಿಸಲಿ ಅಂತ ಕೇಳಿದ್ದೀರಿ. ಮೊದಲು ಟೋ ಲಿಂಕ್ ನೋಡಿ, ಅಂದರೆ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಹಿಡಿದಿಡುವ ಸರಳು. ಕಾರು ತಗ್ಗಿದಾಗ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವುದು) ಜಾಸ್ತಿಯಾಗುತ್ತದೆ ನಿಜ, ಆದರೆ ಟೈರನ್ನು ಬೇಗ ತಿನ್ನುವುದು ಸಾಮಾನ್ಯವಾಗಿ ತಪ್ಪಿದ ಟೋ. ಅಡ್ಜಸ್ಟಬಲ್ ಟೋ ಲಿಂಕ್ ಜೊತೆ ಕ್ಯಾಂಬರ್ ಆರ್ಮ್ ಕೂಡ ಇದ್ದರೆ ಎರಡನ್ನೂ ಸರಿಮಾಡಬಹುದು.

ನಿಜವಾದ ಆಯ್ಕೆ ಇರೋದು ಲಿಂಕ್ ತುದಿಯ ಬುಷ್‌ನಲ್ಲಿ, ಅಂದರೆ ಅದು ಕೂಡಿಕೊಳ್ಳುವ ಕೀಲಿನಲ್ಲಿ. ರಬ್ಬರ್ ಎಲ್ಲ ಕಡೆಗೂ ತಿರುಚಿಕೊಳ್ಳುತ್ತದೆ, ಸದ್ದು ನುಂಗುತ್ತದೆ. ಆದರೆ ತಿರುವಿನಲ್ಲಿ ಭಾರ ಬಿದ್ದಾಗ ಅದುಮಿಕೊಂಡು ಚಕ್ರದ ಕೋನ ಬದಲಾಗುತ್ತದೆ. ಪಾಲಿಯುರೆಥೇನ್ ಗಟ್ಟಿ. ಟ್ರೇಲಿಂಗ್ ಆರ್ಮ್‌ನಂತೆ (ಚಕ್ರವನ್ನು ಮುಂದಿನಿಂದ ಹಿಡಿದಿರುವ ತೋಳು) ನಾನಾ ಕಡೆ ತಿರುಚುವ ಜಾಗದಲ್ಲಿ ಅದು ಬಿಗಿದುಕೊಳ್ಳುತ್ತದೆ, ಸಸ್ಪೆನ್ಷನ್ ಸಲೀಸಾಗಿ ಆಡಲ್ಲ. ಸ್ಫೆರಿಕಲ್ ಬೇರಿಂಗ್ (ಲೋಹದ ಗುಂಡಿನ ಕೀಲು) ತುಂಬಾ ನಿಖರ, ಆದರೆ ರಸ್ತೆಯ ಸದ್ದೆಲ್ಲ ಒಳಗೆ ಬರುತ್ತದೆ. ಧೂಳು, ನೀರು ಹೊಕ್ಕರೆ ಬೇಗ ಸವೆದು ಟಕಟಕ ಅನ್ನುತ್ತದೆ. ರಬ್ಬರ್ ಬೂಟ್ (ಧೂಳು, ನೀರು ತಡೆಯುವ ಮುಸುಕು) ಇಲ್ಲದ್ದನ್ನು ದಿನಬಳಕೆಯ ಕಾರಿಗೆ ದಯವಿಟ್ಟು ಹಾಕಿಸಬೇಡಿ.

ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಇರುವ ಲಿಂಕ್ ತಗೊಳ್ಳಿ. ಬಿಚ್ಚದೇನೇ ನಡುಭಾಗ ತಿರುಗಿಸಿ ಉದ್ದ ಹೊಂದಿಸಬಹುದು. ರಬ್ಬರ್ ಬುಷ್ ಆದರೆ ಕಾರು ಚಕ್ರದ ಮೇಲೆ ನಿಂತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಸಬೇಕು. ಆಮೇಲೆ ಅಲೈನ್‌ಮೆಂಟ್, ಕೊನೆಗೆ ಹೊಂದಿಸಿದ ಉದ್ದ ಕದಲದಂತೆ ಲಾಕ್‌ನಟ್ ಬಿಗಿಸಿ.