ಪವಾಡದ ಕಥೆಯಲ್ಲಿ ‘ದೇವರನ್ನು ಕೊಂಡಾಡಿದನು’ ಅನ್ನುವ ಸಾಲಿಗೆ ಏನು ಕೆಲಸ?

ನೀವು ಕೇಳಿದ್ದು ಇದು: ಬೈಬಲಿನ ಕಥೆಗಳಲ್ಲಿ ಯಾರಿಗಾದರೂ ವಾಸಿಯಾದ ಕೂಡಲೇ ‘ಅವನು ದೇವರನ್ನು ಕೊಂಡಾಡಿದನು’ ಅಂತ ಬರುತ್ತದೆ. ಇದು ಕಥೆ ಮುಗಿಸಲು ಹಾಕುವ ರೂಢಿಯ ಮಾತಾ, ಅಥವಾ ಅದಕ್ಕೆ ಬೇರೆ ಅರ್ಥ ಇದೆಯಾ?

ಖಂಡಿತ ಇದೆ. ಪವಾಡ ಯಾರಿಗೆ ಬೇಕಾದರೂ ಆಗಬಹುದು. ಆದರೆ ಅದರ ಹಿಂದೆ ಇದ್ದವರು ಯಾರು ಅಂತ ಕಂಡುಕೊಂಡವರು ಮಾತ್ರ ಕೊಂಡಾಡುತ್ತಾರೆ. ಯಾರಿಗೆ ಕಂಡಿತು, ಯಾರಿಗೆ ಕಾಣಲಿಲ್ಲ ಅನ್ನುವುದನ್ನು ಕಥೆಗಾರ ಆ ಒಂದು ಸಾಲಿನಲ್ಲಿ ಹೇಳಿಬಿಡುತ್ತಾನೆ. ಆ ಸಾಲು ತೆಗೆದರೆ ಎಷ್ಟೋ ಕಥೆಗಳು ಅರ್ಧಕ್ಕೇ ನಿಂತುಹೋಗುತ್ತವೆ.

ಇದಕ್ಕೆ ಒಳ್ಳೆಯ ಸಾಕ್ಷಿ ಲೂಕನ ಸುವಾರ್ತೆ, ಅಂದರೆ ಯೇಸುವಿನ ಬದುಕನ್ನು ಹೇಳುವ ಅವನ ಪುಸ್ತಕ. ಲೂಕ ಬರೆಯುವಾಗ ಮಾರ್ಕನ ಸುವಾರ್ತೆ ಅವನ ಮುಂದೆ ಇತ್ತು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಹಾಗಾಗಿ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಯೆರಿಕೋ ಊರಿನ ಕುರುಡ ಭಿಕ್ಷುಕನ ಕಥೆ ತಗೊಳ್ಳಿ. ಮಾರ್ಕನಲ್ಲಿ ಅವನಿಗೆ ಕಣ್ಣು ಬರುತ್ತದೆ, ಅವನು ಯೇಸುವಿನ ಹಿಂದೆ ದಾರಿ ಹಿಡಿಯುತ್ತಾನೆ. ಅಲ್ಲಿಗೆ ಮುಗಿಯಿತು. ಲೂಕನಲ್ಲಿ ಅವನು ದೇವರನ್ನು ಕೊಂಡಾಡುತ್ತಾ ಹೋಗುತ್ತಾನೆ, ಅದನ್ನು ನೋಡಿದ ಜನರೆಲ್ಲ ತಾವೂ ದೇವರನ್ನು ಸ್ತುತಿಸುತ್ತಾರೆ. ಚಾವಣಿಯಿಂದ ಇಳಿಸಿದ ಪಾರ್ಶ್ವವಾಯು ರೋಗಿಯ ಕಥೆಯಲ್ಲೂ ಹೀಗೇ. ಮಾರ್ಕನಲ್ಲಿ ಜನ ಕೊಂಡಾಡುತ್ತಾರೆ. ಲೂಕನಲ್ಲಿ ಜನರಿಗಿಂತ ಮೊದಲು ಆ ಮನುಷ್ಯನೇ ಹಾಸಿಗೆ ಹೊತ್ತುಕೊಂಡು ಕೊಂಡಾಡುತ್ತಾ ಮನೆಗೆ ನಡೆಯುತ್ತಾನೆ.

ನನ್ನನ್ನು ಜಾಸ್ತಿ ತಟ್ಟಿದ್ದು ಶಿಲುಬೆಯ ಬುಡದಲ್ಲಿ ನಿಂತ ರೋಮನ್ ಶತಾಧಿಪತಿ. ಮಾರ್ಕನಲ್ಲಿ ಅವನು ‘ನಿಜವಾಗಿಯೂ ಈತ ದೇವಕುಮಾರ’ ಅನ್ನುತ್ತಾನೆ. ಲೂಕ ಬರೆಯುವುದು ಬೇರೆ: ನಡೆದದ್ದನ್ನು ನೋಡಿ ಅವನು ದೇವರನ್ನು ಕೊಂಡಾಡಿ, ಈತ ನೀತಿವಂತನೇ ಸರಿ ಅಂದನಂತೆ. ಯೋಚನೆ ಮಾಡಿ. ಅಲ್ಲಿ ಯಾರಿಗೂ ವಾಸಿಯಾಗಿಲ್ಲ. ಒಬ್ಬ ಸತ್ತಿದ್ದಾನೆ. ಶಿಕ್ಷೆಗೆ ಕಾವಲು ನಿಂತ ಅಧಿಕಾರಿಯೇ ಸ್ತುತಿಸುತ್ತಾನೆ. ಇದು ರೂಢಿಯ ಸಾಲಾಗಿದ್ದರೆ ಇಂಥ ಜಾಗದಲ್ಲಿ ಬರುತ್ತಲೇ ಇರಲಿಲ್ಲ.

ಇದೇ ಮಾತು 17ನೇ ಅಧ್ಯಾಯದ ಹತ್ತು ಕುಷ್ಠರೋಗಿಗಳ ಕಥೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಹತ್ತು ಜನ ದೂರದಲ್ಲಿ ನಿಂತು ಕೂಗುತ್ತಾರೆ. ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಅಂತ ಯೇಸು ಹೇಳುತ್ತಾನೆ. ಧರ್ಮಶಾಸ್ತ್ರದ ಪ್ರಕಾರ ವಾಸಿಯಾಗಿದೆ ಅಂತ ಹೇಳಬೇಕಾದವರು ಯಾಜಕರೇ. ದಾರಿಯಲ್ಲೇ ಹತ್ತೂ ಜನರಿಗೆ ವಾಸಿಯಾಗುತ್ತದೆ. ಒಂಬತ್ತು ಜನ ಮುಂದೆ ಹೋಗುತ್ತಾರೆ. ಅವರು ಯೇಸು ಹೇಳಿದ ಮಾತು ಮೀರಿದವರಲ್ಲ, ಅದನ್ನು ಗಮನಿಸಬೇಕು. ಒಬ್ಬ ಮಾತ್ರ ತನ್ನ ಮೈ ನೋಡಿಕೊಳ್ಳುತ್ತಾನೆ, ಅರ್ಧ ದಾರಿಯಿಂದ ತಿರುಗುತ್ತಾನೆ, ಗಟ್ಟಿಯಾಗಿ ಕೂಗಿ ದೇವರನ್ನು ಕೊಂಡಾಡುತ್ತಾ ಬಂದು ಯೇಸುವಿನ ಕಾಲಿಗೆ ಬೀಳುತ್ತಾನೆ. ಅವನು ಸಮಾರ್ಯದವನು ಅಂತ ಲೂಕ ಆಮೇಲೆ ಹೇಳುತ್ತಾನೆ. ಯೆಹೂದ್ಯರು ದೂರ ಇಡುತ್ತಿದ್ದ ಜನ ಅವರು. ವಾಸಿಯಾದದ್ದು ಹತ್ತು ಜನರಿಗೆ, ‘ನಿನ್ನ ನಂಬಿಕೆಯೇ ನಿನ್ನನ್ನು ರಕ್ಷಿಸಿತು’ ಅನ್ನುವ ಮಾತು ಸಿಕ್ಕಿದ್ದು ಒಬ್ಬನಿಗೆ. ನಡುವೆ ಇದ್ದ ವ್ಯತ್ಯಾಸ ಆ ಸ್ತುತಿ ಒಂದೇ.

ಲೂಕನ ಇಡೀ ಪುಸ್ತಕದ ಕಟ್ಟೋಣವೂ ಇದರ ಮೇಲೇ ನಿಂತಿದೆ. ಮೊದಲ ದೃಶ್ಯ ಯೆರೂಸಲೇಮಿನ ದೇವಾಲಯ. ಜಕರೀಯ ಎಂಬ ವಯಸ್ಸಾದ ಯಾಜಕ ಒಳಗೆ ಧೂಪ ಹಾಕುತ್ತಿದ್ದಾನೆ, ಜನ ಹೊರಗೆ ಕಾಯುತ್ತಿದ್ದಾರೆ. ನಿನಗೆ ಮಗ ಹುಟ್ಟುತ್ತಾನೆ ಅಂತ ದೇವದೂತ ಹೇಳಿದರೆ ಅವನು ನಂಬುವುದಿಲ್ಲ. ಮಾತು ನಿಂತುಹೋಗುತ್ತದೆ. ಹೊರಗೆ ಬಂದು ಕೈಸನ್ನೆ ಮಾಡುತ್ತಾನೆ ಅಷ್ಟೆ. ಮಗು ಹುಟ್ಟಿ ಎಂಟನೇ ದಿನ ಹೆಸರಿಡುವಾಗ ಹಲಗೆ ತರಿಸಿ ‘ಇವನ ಹೆಸರು ಯೊಹಾನ’ ಅಂತ ಬರೆಯುತ್ತಾನೆ. ಆಗ ನಾಲಿಗೆ ಸಡಿಲವಾಗುತ್ತದೆ. ಬಾಯಿಂದ ಬರುವ ಮೊದಲ ಮಾತೇ ಸ್ತುತಿ. ಕೊನೆಯ ದೃಶ್ಯವೂ ಅದೇ ದೇವಾಲಯ: ಶಿಷ್ಯರು ಅಲ್ಲಿ ಸದಾ ದೇವರನ್ನು ಕೊಂಡಾಡುತ್ತಾ ಇದ್ದರು ಅಂತ ಪುಸ್ತಕ ಮುಗಿಯುತ್ತದೆ.

ಲೂಕ ಇದನ್ನು ತಾನೇ ಹುಟ್ಟುಹಾಕಿದ್ದಲ್ಲ. ಅವನಿಗಿಂತ ಮುಂಚಿನ ಯೆಹೂದಿ ಕಥೆಗಳಲ್ಲಿ ಇದು ತುಂಬಿಕೊಂಡಿದೆ. ಕೆಂಪು ಸಮುದ್ರ ದಾಟಿದ ಮೇಲೆ ಮೋಶೆ ಹಾಡುತ್ತಾನೆ, ಮಿರ್ಯಾಮಳು ದಮ್ಮಡಿ ಹಿಡಿದು ಹೆಂಗಸರ ಜೊತೆ ಕುಣಿಯುತ್ತಾಳೆ. (ಮೂರೇ ದಿನಕ್ಕೆ ನೀರಿಲ್ಲ ಅಂತ ಅದೇ ಜನ ಗೊಣಗುತ್ತಾರೆ. ಅದನ್ನೂ ಮುಚ್ಚಿಡದೆ ಬರೆದಿಟ್ಟಿದ್ದಾರೆ, ಆ ಪ್ರಾಮಾಣಿಕತೆ ನನಗೆ ಇಷ್ಟ.) ಹನ್ನಳು ಹರಕೆಯಂತೆ ಮಗ ಸಮುವೇಲನನ್ನು ಶೀಲೋವಿನಲ್ಲಿ ಬಿಟ್ಟುಕೊಟ್ಟು ಹಾಡುವ ಹಾಡು, ಲೂಕನಲ್ಲಿ ಯೇಸುವಿನ ತಾಯಿ ಮರಿಯಳ ಹಾಡಿನಲ್ಲಿ ಮತ್ತೆ ಕೇಳಿಸುತ್ತದೆ. ಎರಡರಲ್ಲೂ ಹಸಿದವರಿಗೆ ಹೊಟ್ಟೆ ತುಂಬುತ್ತದೆ, ಬಲಶಾಲಿಗಳು ಕೆಳಗೆ ಬೀಳುತ್ತಾರೆ.

ಆದರೆ ಲೂಕನಿಗೆ ತೀರಾ ಹತ್ತಿರದ ಕಥೆ ಅಂದರೆ ನನ್ನ ಪ್ರಕಾರ ತೋಬಿತನದು. ಕ್ಯಾಥೊಲಿಕರ ಬೈಬಲಿನಲ್ಲಿ ಇದು ಇದೆ, ಪ್ರೊಟೆಸ್ಟಂಟರು ಓದುವ ಸತ್ಯವೇದದಲ್ಲಿ ಇಲ್ಲ. ಹಾಗಾಗಿ ನಮ್ಮಲ್ಲಿ ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಮೃತ ಸಮುದ್ರದ ಹತ್ತಿರ ಕುಮ್ರಾನಿನ 4ನೇ ಗುಹೆಯಲ್ಲಿ ಇದರ ನಾಲ್ಕು ಅರಮಾಯಿಕ್ ಪ್ರತಿಗಳ ಮತ್ತು ಒಂದು ಹೀಬ್ರೂ ಪ್ರತಿಯ ತುಣುಕುಗಳು ಸಿಕ್ಕಿವೆ. ಯೇಸುವಿನ ಕಾಲದ ಹೊತ್ತಿಗೆ ಯೆಹೂದಿಗಳು ಇದನ್ನು ಓದುತ್ತಿದ್ದರು ಅನ್ನುವುದಕ್ಕೆ ಅನುಮಾನವಿಲ್ಲ.

ತೋಬಿತ ಅಸ್ಸೀರಿಯದವರ ಸೆರೆಯಲ್ಲಿ ನಿನೆವೆಯಲ್ಲಿ ಬದುಕುವವನು. ಬೀದಿಯಲ್ಲಿ ಬಿದ್ದ ತನ್ನ ಜನರ ಹೆಣಗಳನ್ನು ಗುಟ್ಟಾಗಿ ಹೂಳುತ್ತಾನೆ. ಒಂದು ರಾತ್ರಿ ಹೂಳಿ ಬಂದು ಅಂಗಳದ ಗೋಡೆಯ ಪಕ್ಕ ಮಲಗಿದಾಗ ಗುಬ್ಬಿಗಳ ಹಿಕ್ಕೆ ಕಣ್ಣಿಗೆ ಬಿದ್ದು ಕುರುಡನಾಗುತ್ತಾನೆ. ಅತ್ತ ದೂರದ ಎಕ್ಬತಾನದಲ್ಲಿ ಸಾರಾ ಎಂಬ ಹುಡುಗಿ. ಮದುವೆಯಾದ ಏಳು ಗಂಡಂದಿರನ್ನೂ ಒಂದು ದೆವ್ವ ಮೊದಲ ರಾತ್ರಿಯೇ ಕೊಂದಿದೆ. ಮನೆಯ ಆಳು ಅವಳನ್ನು ಚುಚ್ಚಿ ಮಾತಾಡುತ್ತಾಳೆ. ಸಾಯುವ ಯೋಚನೆ ಬಂದು, ಅಪ್ಪನ ಮುಖ ನೆನೆದು ಅದನ್ನು ಬಿಟ್ಟು, ಕಿಟಕಿಯ ಕಡೆ ಕೈಚಾಚಿ ಪ್ರಾರ್ಥನೆ ಮಾಡುತ್ತಾಳೆ. ಆ ಪ್ರಾರ್ಥನೆ ಶುರುವಾಗುವುದೇ ದೇವರಿಗೆ ಸ್ತೋತ್ರ ಹೇಳಿ. ಅಳಲು ಬರುವುದು ಆಮೇಲೆ.

ತೋಬಿತನ ಮಗ ತೋಬಿಯ ಅವಳನ್ನು ಮದುವೆಯಾಗುತ್ತಾನೆ. ಆ ರಾತ್ರಿ ಸಾರಾಳ ಅಪ್ಪ ರಗುವೇಲ ಎದ್ದು ಆಳುಗಳಿಂದ ಗುಂಡಿ ತೋಡಿಸುತ್ತಾನೆ. ಅಳಿಯ ಹೇಗೂ ಸತ್ತಿರುತ್ತಾನೆ, ಯಾರಿಗೂ ಗೊತ್ತಾಗದ ಹಾಗೆ ಕತ್ತಲಲ್ಲೇ ಹೂಳಿಬಿಡೋಣ ಅಂತ. ದೀಪ ಹಿಡಿದು ಒಬ್ಬ ಕೆಲಸದವಳು ಬಾಗಿಲು ತೆಗೆದು ನೋಡಿದರೆ ಇಬ್ಬರೂ ಗಾಢ ನಿದ್ದೆಯಲ್ಲಿದ್ದಾರೆ. ಆಗ ರಗುವೇಲ ದೇವರನ್ನು ಕೊಂಡಾಡುತ್ತಾನೆ: ನಾನು ಹೆದರಿದ ಹಾಗೆ ಆಗಲಿಲ್ಲ ಅಂತ. ಆಮೇಲೆ, ಬೆಳಗಾಗುವ ಮೊದಲು ಗುಂಡಿ ಮುಚ್ಚಿ ಅಂತ ಆಳುಗಳಿಗೆ ಹೇಳುತ್ತಾನೆ. ತೋಡಿದ ಗುಂಡಿ ಮತ್ತು ಮುಚ್ಚಿದ ಗುಂಡಿ, ಇವೆರಡರ ನಡುವೆ ಆ ಸ್ತುತಿ ಕೂತಿದೆ. ಎಂಥ ಕಥೆಗಾರಿಕೆ ಅಲ್ವಾ!

ಕೊನೆಗೆ ಮಗ ಮೀನಿನ ಪಿತ್ತ ಹಚ್ಚಿ ಅಪ್ಪನ ಕಣ್ಣಿನ ಬಿಳಿ ಪೊರೆಯನ್ನು ಅಂಚಿನಿಂದ ಸುಲಿಯುತ್ತಾನೆ. ತೋಬಿತ ಮಗನ ಕೊರಳಿಗೆ ಬಿದ್ದು ಅಳುತ್ತಾನೆ, ದೇವರನ್ನು ಕೊಂಡಾಡುತ್ತಾನೆ. ಸೊಸೆಯನ್ನು ಎದುರುಗೊಳ್ಳಲು ಊರಬಾಗಿಲ ತನಕ ಯಾರ ಕೈಯೂ ಹಿಡಿಯದೆ ನಡೆಯುತ್ತಾನೆ, ನಿನೆವೆಯ ಜನ ಬೆರಗಾಗಿ ನೋಡುತ್ತಾರೆ. ಪ್ರಯಾಣದಲ್ಲಿ ತೋಬಿಯನ ಜೊತೆಗೆ ಬಂದಿದ್ದ ಕೂಲಿಯಾಳು ನಿಜಕ್ಕೂ ರಫಾಯೇಲ ಎಂಬ ದೇವದೂತ. ಕೂಲಿ ಕೊಡಲು ಹೋದರೆ ಅವನು ಇಬ್ಬರನ್ನೂ ಪಕ್ಕಕ್ಕೆ ಕರೆದು, ದೇವರನ್ನು ಎಲ್ಲರ ಮುಂದೆ ಕೊಂಡಾಡಿ, ನಡೆದದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಿರಿ ಅನ್ನುತ್ತಾನೆ. ನಮ್ಮ ಕೈಯಲ್ಲಿರುವ ಕಥೆಯೇ ಸ್ತುತಿಯ ಒಂದು ರೂಪ ಅಂತ ಆಯಿತು.

ಇಲ್ಲಿ ಇನ್ನೊಂದು ವಿಷಯ. ಸಾರಾ ಸ್ತುತಿಸಿದ್ದು ಕಷ್ಟ ಕಳೆಯುವ ಮೊದಲು. ದಾನಿಯೇಲನ ಗ್ರೀಕ್ ಆವೃತ್ತಿಯಲ್ಲಿ ಮೂವರು ಯುವಕರು ಉರಿಯುವ ಕುಲುಮೆಯ ಒಳಗೇ ಹಾಡುತ್ತಾರೆ. ಲೂಕನೇ ಬರೆದ ಇನ್ನೊಂದು ಪುಸ್ತಕ ‘ಅಪೊಸ್ತಲರ ಕೃತ್ಯಗಳು’ 16ರಲ್ಲಿ, ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ ಮತ್ತು ಸೀಲ ಫಿಲಿಪ್ಪಿಯ ಜೈಲಿನಲ್ಲಿ ಛಡಿ ಏಟು ತಿಂದು, ಕಾಲಿಗೆ ಕೊರಡು ಹಾಕಿಸಿಕೊಂಡು, ನಡುರಾತ್ರಿ ಹಾಡುತ್ತಾರೆ. ಉಳಿದ ಕೈದಿಗಳು ಕೇಳಿಸಿಕೊಳ್ಳುತ್ತಿದ್ದರು ಅಂತ ಬರೆದಿದೆ. ಭೂಕಂಪ ಆಗುವುದು ಆಮೇಲೆ. ಪವಾಡದ ನಂತರದ ಸ್ತುತಿಗಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ.

ಅದೇ ಪುಸ್ತಕದಲ್ಲಿ ಸ್ತುತಿ ಕಥೆಯ ದಿಕ್ಕನ್ನೇ ಬದಲಿಸುವುದೂ ಉಂಟು. ದೇವಾಲಯದ ಬಾಗಿಲಲ್ಲಿ ಕೂತಿದ್ದ ಹುಟ್ಟುಕುಂಟ ಎದ್ದು ಹಾರಾಡುತ್ತಾ ದೇವರನ್ನು ಕೊಂಡಾಡುತ್ತಾ ಒಳಗೆ ಹೋಗುತ್ತಾನೆ. ಮರುದಿನ ಅಧಿಕಾರಿಗಳು, ಅವನನ್ನು ವಾಸಿಮಾಡಿದ ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೊಹಾನರನ್ನು ಶಿಕ್ಷಿಸಲು ದಾರಿ ಕಾಣದೆ ಬರೀ ಗದರಿಸಿ ಬಿಡುತ್ತಾರೆ. ಕಾರಣ, ಜನರೆಲ್ಲ ದೇವರನ್ನು ಕೊಂಡಾಡುತ್ತಿದ್ದರು.

ಸ್ತುತಿ ಕೊಡದವನ ಕಥೆಯೂ ಇದೆ. ಕ್ರಿ.ಶ. 44ರಲ್ಲಿ ಕೈಸರೈಯದಲ್ಲಿ ರಾಜ ಹೆರೋದ ಅಗ್ರಿಪ್ಪನ ಭಾಷಣ ಕೇಳಿ ಜನ ‘ಇದು ದೇವರ ಧ್ವನಿ’ ಅಂತ ಕೂಗುತ್ತಾರೆ. ಅವನು ಆ ಮಹಿಮೆಯನ್ನು ದೇವರಿಗೆ ಕೊಡದೆ ತಾನೇ ಇಟ್ಟುಕೊಂಡದ್ದಕ್ಕೆ ಹುಳ ಬಿದ್ದು ಸತ್ತನು ಅಂತ ಲೂಕ ಬರೆಯುತ್ತಾನೆ. ಯೆಹೂದಿ ಇತಿಹಾಸಕಾರ ಜೋಸಿಫಸನೂ ಇದನ್ನೇ ಹೇಳುತ್ತಾನೆ: ಬೆಳ್ಳಿಯ ನಿಲುವಂಗಿ ಬೆಳಗಿನ ಬಿಸಿಲಿಗೆ ಹೊಳೆಯಿತು, ಹೊಗಳುಭಟರು ದೇವರೇ ಅಂದರು, ರಾಜ ಅವರನ್ನು ತಡೆಯಲಿಲ್ಲ, ಹೊಟ್ಟೆನೋವು ಬಂದು ಐದು ದಿನದಲ್ಲಿ ಸತ್ತ. ಇದರ ಎದುರಿಗೆ ಲುಸ್ತ್ರ ಊರಿನ ಘಟನೆ ಇಟ್ಟು ನೋಡಿ. ಅಲ್ಲಿ ಜನ ಪೌಲ ಮತ್ತು ಬಾರ್ನಬರನ್ನು ದೇವರು ಅಂತ ಪೂಜಿಸಲು ಹೊರಟಾಗ ಇವರಿಬ್ಬರೂ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ಓಡುತ್ತಾರೆ, ನಾವೂ ನಿಮ್ಮಂಥ ಮನುಷ್ಯರೇ ಅಂತ.

ನೀವೇ ಓದಿ ನೋಡಬೇಕು ಅಂತಿದ್ದರೆ ಮಾರ್ಕ 10ರ ಕೊನೆ ಮತ್ತು ಲೂಕ 18ರ ಕೊನೆ, ಇವೆರಡನ್ನು ಮೊದಲು ಒಟ್ಟಿಗೆ ಓದಿ. ಆಮೇಲೆ ಯಾರಾದರೂ ಕ್ಯಾಥೊಲಿಕ್ ಗೆಳೆಯರ ಬೈಬಲ್ ಇಸ್ಕೊಂಡು ತೋಬಿತನ ಪುಸ್ತಕ ಓದಿ. ಹದಿನಾಲ್ಕೇ ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ.